ಮುಷ್ಟಿಯೊಳಗಿನ ಹೆಬ್ಬೆರಳು

ಕಳೆದ ಗುರುವಾರ ಐಡಾ ಸ್ಟ್ರೌಡ್‌ಳನ್ನು ಮಣ್ಣು ಮಾಡಿ ಬಂದೆವು. ಅವಳಿಗೆ ಎಂಬತ್ತೆಂಟು ವರ್ಷ ಆಗಿತ್ತು. ಹೊಸ ಪಾದ್ರಿ ಒಳ್ಳೆಯವನೇ, ಆದರೆ ಬ್ರೂಮ್‌ಹಿಲ್‌ಗೆ ಬಂದು ಎರಡು ವರ್ಷವೂ ಆಗಿಲ್ಲ. ಅವಳ ಗುಲಾಬಿ ಗಿಡಗಳನ್ನು ಹೊಗಳಿದ, ಅವಳು ಬೇಯಿಸುತ್ತಿದ್ದ ಸ್ಕೋನು ಬನ್ನುಗಳನ್ನು ಹೊಗಳಿದ. ಆಮೇಲೆ, 'ತಮಗೆ ಮಕ್ಕಳಿಲ್ಲದಿದ್ದರೂ ಊರಿನ ಮಕ್ಕಳನ್ನೆಲ್ಲ ತಮ್ಮವೆಂದುಕೊಂಡಿದ್ದರು' ಎಂದ. ಮೂರನೇ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ಅವನ ಬಾಯಿ ಮುಚ್ಚಿಸಬೇಕೆನ್ನಿಸಿತು. ಮಂಡಿ ನೋವು ಏಳಗೊಡಲಿಲ್ಲ. ಅಲ್ಲಿ ಕೂತಿದ್ದವರಲ್ಲಿ ಏವಿಸ್ ಎಂಬ ಹೆಸರು ಗೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಬರೆಯುವುದೂ ನನ್ನ ಪಾಲಿಗೇ ಬಂದಿದೆ.

ನನ್ನ ಹೆಸರು ಡಾಟ್. ನನ್ನ ಗಂಡ ಲೆನ್ ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ. ನಲವತ್ತನಾಲ್ಕನೇ ಇಸವಿಯಲ್ಲಿ ನಾವು ಇಲ್ಲಿನ ರೈಲ್ವೆ ಕಾಲೊನಿಗೆ ಬಂದಾಗ ನನಗೆ ಇಪ್ಪತ್ತಾರು. ಕಂಕುಳಲ್ಲಿ ಏಳು ತಿಂಗಳ ಮಗ ಕಾಲಿನ್, ಕಾಲಿನ್‌ನ ಬಾಯಲ್ಲಿ ರಬ್ಬರ್ ನಿಪ್ಪಲ್. ಹಾಲು ಕುಡಿಸುವುದಲ್ಲ, ಸುಮ್ಮನೆ ಚೀಪುವುದಕ್ಕೆ ಕೊಡುವಂಥದ್ದು. ಬಿದ್ದುಹೋಗದಿರಲಿ ಎಂದು ರಿಬ್ಬನ್ನು ಕಟ್ಟಿ ಅಂಗಿಗೆ ಪಿನ್ನು ಹಾಕಿದ್ದೆ. ಸಾಮಾನು ಇಳಿಸಿ ಇನ್ನೂ ಟೀ ಕೂಡ ಕುಡಿದಿರಲಿಲ್ಲ, ಬೇಲಿಯ ಆಚೆಯಿಂದ ಒಂದು ದನಿ ಬಂತು.

"ಅದೇನದು ಮಗು ಬಾಯಲ್ಲಿ?"

"ನಿಪ್ಪಲ್ಲು."

"ನಿಪ್ಪಲ್ಲು ಅಂತ ನಂಗೂ ಕಾಣುತ್ತೆ. ಯಾಕೆ ಅಂತ ಕೇಳ್ದೆ."

"ಸುಮ್ನೆ ಇರ್ಲಿ ಅಂತ."

"ಯಾರು ಸುಮ್ನೆ ಇರ್ಬೇಕು? ಮಗುನೋ, ನೀನೋ?"

ಐಡಾ ಸ್ಟ್ರೌಡ್ ನನಗೆ ಪರಿಚಯವಾದದ್ದು ಹೀಗೆ. ನನಗಿಂತ ಹತ್ತು ವರ್ಷ ದೊಡ್ಡವಳು. ಏಪ್ರನ್ನಿನ ಮೇಲೆ ಒಂದು ಸುಕ್ಕಿಲ್ಲ. ಕೂದಲು ಒಂದೆಳೆ ಹೊರಗಿಲ್ಲ. ಇಂಥ ಪಕ್ಕದ ಮನೆಯವಳು ಗಂಟುಬಿದ್ದಳಲ್ಲ ಎಂದು ನಾನು ಅವತ್ತು ಲೆನ್‌ನ ತಲೆ ತಿಂದೆ.

ಮದುವೆಗೆ ಮೊದಲು ಅವಳು ಒಂದು ಶಿಶುಗೃಹದಲ್ಲಿ ಒಂದೂವರೆ ವರ್ಷ ಕೆಲಸ ಕಲಿತಿದ್ದಳಂತೆ. ನಾಲ್ಕು ಗಂಟೆಗೊಮ್ಮೆ ಹಾಲು, ನಿಮಿಷ ಹಿಂದಿಲ್ಲ ಮುಂದಿಲ್ಲ. ಮಧ್ಯೆ ಅತ್ತರೆ ಎತ್ತಿಕೊಳ್ಳುವಂತಿಲ್ಲ. ನಿಪ್ಪಲ್ಲು ಕೊಳಕು, ಹೆಬ್ಬೆರಳು ದುರಭ್ಯಾಸ, ತೂಗುವುದು ಮುದ್ದು ಮಾಡಿ ಕೆಡಿಸಿದ ಹಾಗೆ. ಆ ಕಾಲದಲ್ಲಿ ನಮ್ಮ ದೇಶದ ಅರ್ಧ ತಾಯಂದಿರು ಹೀಗೆಯೇ ಮಕ್ಕಳನ್ನು ಸಾಕುತ್ತಿದ್ದರು. ಉಳಿದ ಅರ್ಧ ಹೀಗೆ ಸಾಕುತ್ತಿದ್ದೇವೆ ಎಂದು ಸುಳ್ಳು ಹೇಳುತ್ತಿದ್ದರು. ನಾನು ಎರಡನೆಯವರ ಪೈಕಿ. ಐಡಾ ಬರುವುದು ಕಂಡರೆ ಕಾಲಿನ್‌ನ ಬಾಯಿಂದ ನಿಪ್ಪಲ್ಲು ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವನು ಕಿರುಚಿ ನನ್ನ ಮಾನ ಕಳೆಯುತ್ತಿದ್ದ.

ಆದರೆ ಅವಳ ಋಣ ನನ್ನ ಮೇಲಿದೆ, ಅದನ್ನೂ ಹೇಳಿಬಿಡಬೇಕು. ಆ ಚಳಿಗಾಲ ಕಾಲಿನ್‌ಗೆ ಗಂಟಲು ಕಟ್ಟಿ ಉಸಿರು ಸಿಕ್ಕಿಕೊಂಡಾಗ ಕೆಟಲ್ಲು ಹಿಡಿದು ಓಡಿಬಂದು, ಕಂಬಳಿ ಕವಿಸಿ ಆವಿ ಕೊಟ್ಟು ಉಳಿಸಿದವಳು ಅವಳೇ. ಕಾಲೊನಿಯ ಇಪ್ಪತ್ತೆರಡು ಮನೆಯಲ್ಲಿ ಅವಳಿಂದ ಹೀಗೆ ಉಪಕಾರ ಪಡೆಯದ ಮನೆ ಇರಲಿಲ್ಲ. ಅವಳನ್ನು ಇಷ್ಟಪಡುವ ಮನೆಯೂ ಇರಲಿಲ್ಲ. ಅವಳ ಸಿಟ್ಟಿಗೆ ಕಾರಣ ಬಹಳ ತಡವಾಗಿ ತಿಳಿಯಿತು. ಹನ್ನೆರಡನೇ ವಯಸ್ಸಿಗೆ ತಾಯಿ ಸತ್ತು ಆರು ತಮ್ಮ ತಂಗಿಯರು ಅವಳ ಕೈಗೆ ಬಿದ್ದಿದ್ದರು. ಕಡೆಯ ತಮ್ಮ ಅಳದಿರಲಿ ಎಂದು ಬಟ್ಟೆ ಚೂರಿಗೆ ಸಕ್ಕರೆ ಕಟ್ಟಿ ಬಾಯಿಗಿಡುತ್ತಿದ್ದಳಂತೆ, ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಬೇಸಿಗೆಯಲ್ಲಿ ಆ ಕೂಸು ಭೇದಿ ಹತ್ತಿ ಸತ್ತುಹೋಯಿತು. ಆ ಬಟ್ಟೆ ಚೂರಿನಿಂದಲೇ ಎಂದು ಶಿಶುಗೃಹದಲ್ಲಿ ಕಲಿಯುವಾಗ ಅವಳಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವಳು ಮಕ್ಕಳ ಬಾಯಿ ಕಾಯುವ ಪೊಲೀಸಿನವಳಾದಳು.

ಅವಳ ಗಂಡ ಕ್ಲೆಮ್ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದವಳು ಏವಿಸ್. ನಾವು ಬಂದಾಗ ಅವಳಿಗೂ ಕಾಲಿನ್‌ನಷ್ಟೇ ವಯಸ್ಸು. ಸೇಬಿನ ಮರದ ಕೆಳಗೆ ಮಗುವಿನ ತಳ್ಳುಗಾಡಿಯಲ್ಲಿ ಮಲಗಿಸಿರುತ್ತಿದ್ದರು. ಹಾಲಿನ ಹೊತ್ತಿಗೆ ಇನ್ನೂ ಮುಕ್ಕಾಲು ಗಂಟೆ ಇರುವಾಗಲೇ ಅವಳು ಅಳಲು ಶುರುಮಾಡುತ್ತಿದ್ದಳು. ನಾನು ಬೇಲಿಯ ಹತ್ತಿರ ನಿಂತು ಐಡಾಳಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಒಂದು ದಿನ ಕಿಟಕಿಯಲ್ಲಿ ಅವಳು ಕಂಡಳು. ಗಡಿಯಾರದ ಮುಂದೆ ನಿಂತು ಏಪ್ರನ್ನಿನ ತುದಿಯನ್ನು ಹಿಂಡುತ್ತಿದ್ದಳು, ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಮುಳ್ಳು ಹತ್ತು ಮುಟ್ಟಿದ್ದೇ ತಡ ಓಡಿಬಂದು ಕೂಸನ್ನು ಎದೆಗೊತ್ತಿಕೊಂಡಳು. ಪ್ರೀತಿ ಇಲ್ಲದವಳಲ್ಲ ಅವಳು, ಆ ಗಡಿಯಾರವನ್ನು ಮೀರುವ ಧೈರ್ಯ ಇಲ್ಲದವಳು.

ಕಾಯುತ್ತಾ ಕಾಯುತ್ತಾ ಏವಿಸ್ ತನ್ನ ಬಲಗೈ ಹೆಬ್ಬೆರಳನ್ನು ಕಂಡುಕೊಂಡಳು. ಬೆಳೆಯುತ್ತಾ ಅದೇ ಅವಳ ಆಟದ ಸಾಮಾನು, ನಿದ್ದೆ, ಸಮಾಧಾನ ಎಲ್ಲ ಆಯಿತು. ಬಾಯಲ್ಲಿ ಹೆಬ್ಬೆರಳು, ತೋರುಬೆರಳು ಮೂಗಿನ ಮೇಲೆ. ಉಗುರಿನ ಬುಡದಲ್ಲಿ ಒಂದು ಗಂಟು ಎದ್ದಿತ್ತು. ಐಡಾ ಕಹಿ ಮದ್ದು ಹಚ್ಚಿದಳು. ಮಗು ಅಳುತ್ತಲೇ ಕಹಿಯನ್ನೆಲ್ಲ ಚೀಪಿ ಮುಗಿಸಿ, ಆಮೇಲೆ ನೆಮ್ಮದಿಯಾಗಿ ಮುಂದುವರಿಸಿತು. ಆ ವಿಷಯದಲ್ಲಿ ಐಡಾ ಸೋತು, ಮನೆಯೊಳಗೆ ಕಂಡೂ ಕಾಣದ ಹಾಗಿರಲು ಶುರುಮಾಡಿದ್ದಳು. ಬಿಟ್ಟಿದ್ದರೆ ಇನ್ನೊಂದೆರಡು ವರ್ಷಕ್ಕೆ ಅದು ತಾನಾಗಿ ಹೋಗುತ್ತಿತ್ತು. ನಾನು ಬಿಡಲಿಲ್ಲ.

ನಲವತ್ತೇಳರ ನವೆಂಬರ್. ಚರ್ಚ್ ಹಾಲಿನಲ್ಲಿ ಹೆಂಗಸರ ಟೀ. ಅಷ್ಟರಲ್ಲಿ ನನಗೆ ಎರಡನೆಯವಳು ಹುಟ್ಟಿದ್ದಳು, ಅವಳ ಬಾಯಲ್ಲೂ ನಿಪ್ಪಲ್ಲು. ಎಲ್ಲರೂ ಕಪ್ಪು ಹಿಡಿದು ಕೂತಿದ್ದಾಗ ಐಡಾ ನೆಟ್ಟಗೆ ಬಂದು ಮಗುವಿನ ಬಾಯಿಂದ ಅದನ್ನು ಎರಡು ಬೆರಳಲ್ಲಿ ತೆಗೆದು, ಸತ್ತ ಇಲಿಯನ್ನು ಹಿಡಿದ ಹಾಗೆ ಎತ್ತಿ ತೋರಿಸಿದಳು.

"ಎಷ್ಟು ಸಲ ಹೇಳ್ಬೇಕು ಡಾಟ್ ನಿಂಗೆ? ಇದು ಕೊಳಕಷ್ಟೇ ಅಲ್ಲ, ಸೋಮಾರಿ ತಾಯಿ ಅಂತ ಬೋರ್ಡು ಹಾಕ್ಕೊಂಡ ಹಾಗೆ."

ನನ್ನ ಮೈಯೆಲ್ಲ ಉರಿದುಹೋಯಿತು. ಆಗ ಕಣ್ಣಿಗೆ ಬಿದ್ದಳು ಏವಿಸ್. ತಾಯಿಯ ಸ್ಕರ್ಟಿನ ಹಿಂದೆ, ಎಲ್ಲರ ಎದುರಿಗೆ, ಹೆಬ್ಬೆರಳು ಬಾಯಲ್ಲಿಟ್ಟು ನಿಂತಿದ್ದಳು.

"ಮಿಸೆಸ್ ಸ್ಟ್ರೌಡ್, ಊರ ಮಕ್ಕಳ ಬಾಯೆಲ್ಲ ಹುಡುಕ್ತಾ ಬರ್ತೀರಲ್ಲ, ಮೊದ್ಲು ನಿಮ್ಮನೆ ಹೆಬ್ಬೆರಳು ನೋಡ್ಕೊಳ್ಳಿ. ನಾಲ್ಕು ವರ್ಷ ದಾಟ್ತು. ಮದುವೆ ದಿನಾನೂ ಚೀಪ್ತಾ ನಿಂತ್ಕೊಂಡ್ರೆ ಉಂಗುರ ಯಾವ ಕೈಗೆ ಹಾಕೋದು?"

ಇಡೀ ಸಭೆಯೇ ನಕ್ಕಿತು. ವರ್ಷಗಟ್ಟಲೆ ಅವಳಿಂದ ಬೈಸಿಕೊಂಡವರ ನಗು ಅದು, ಬೇಗ ನಿಲ್ಲಲಿಲ್ಲ. ಐಡಾ ನಿಪ್ಪಲ್ಲನ್ನು ಮೆಲ್ಲಗೆ ನನ್ನ ಸಾಸರಿನ ಮೇಲಿಟ್ಟು, ಏವಿಸ್‌ಳ ಕೈ ಹಿಡಿದು ಹೊರಟುಹೋದಳು. ಗೆದ್ದೆ ಅಂತ ನಾನು ಇನ್ನೊಂದು ಸ್ಕೋನು ತಿಂದೆ. ಆ ಸ್ಕೋನೂ ಅವಳೇ ಮಾಡಿ ತಂದದ್ದು.

ಮಾರನೇ ದಿನ ಏವಿಸ್ ಅಂಗಳಕ್ಕೆ ಬಂದಾಗ ಅವಳ ಎರಡು ತೋಳಿಗೂ ಬಿಳಿ ಪಟ್ಟಿ ಬಿಗಿದಿತ್ತು. ಬೂಟಿನ ಡಬ್ಬಿಯ ರಟ್ಟನ್ನು ಕತ್ತರಿಸಿ, ಕೋರಾ ಬಟ್ಟೆಯೊಳಗಿಟ್ಟು ಹೊಲಿದು, ಭುಜದಿಂದ ಮಣಿಕಟ್ಟಿನವರೆಗೆ ಸುತ್ತಿ ಹಿಂದೆ ಲಾಡಿ ಕಟ್ಟಿದ್ದಳು. ಮೊಣಕೈ ಮಡಿಸುವ ಹಾಗಿಲ್ಲ. ಕೈ ಬಾಯಿಗೆ ಬರುವ ಹಾಗಿಲ್ಲ. ಐಡಾಳ ಹೊಲಿಗೆ ಯಾವತ್ತಿನಂತೆ ಅಚ್ಚುಕಟ್ಟು. ಇಂಥ ತೋಳುಪಟ್ಟಿ ಅವಳು ಕಾಲೊನಿಯ ಆರೇಳು ಮಕ್ಕಳಿಗೆ ಹಿಂದೆ ಹೊಲಿದುಕೊಟ್ಟಿದ್ದುಂಟು. ಸ್ವಂತ ಮಗಳಿಗೆ ಹೊಲಿದದ್ದು ಅದೇ ಮೊದಲು.

ಮಗು ಬೆದರುಬೊಂಬೆಯ ಹಾಗೆ ಕೈ ಚಾಚಿಕೊಂಡು ಬೇಲಿಯ ಹತ್ತಿರ ಬಂತು.

"ಡಾಟ್ ಆಂಟಿ, ಮೂಗು ಕೆರೀತಿದೆ. ಕೆರೀತೀರಾ?"

ಕೆರೆದೆ.

"ಈ ಕಡೆ ಅಲ್ಲ, ಆ ಕಡೆ."

ಆ ಕಡೆಯೂ ಕೆರೆದೆ. ಆಗಲಾದರೂ ನಾನು ಬೇಲಿ ದಾಟಿ ಹೋಗಿ, 'ಮಿಸೆಸ್ ಸ್ಟ್ರೌಡ್, ಬಾಯಿತಪ್ಪಿ ಅಂದೆ, ಮಗುವಿನ ಕೈ ಬಿಚ್ಚಿ' ಎನ್ನಬಹುದಿತ್ತು. ಹೋಗಲಿಲ್ಲ. ಸೋಮಾರಿ ತಾಯಿ ಎಂದದ್ದು ಇನ್ನೂ ಚುಚ್ಚುತ್ತಿತ್ತು. ನಾಲ್ಕು ವಾರ ಹೀಗೆ ಮೂಗು ಕೆರೆದೆ, ಬಾಯಿಗೆ ಬಿಸ್ಕತ್ತು ಇಟ್ಟೆ, ಅಷ್ಟೇ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಪಟ್ಟಿ ಹೋದ ಮೇಲೆ ಕಾವಲಿಗೆ ಐಡಾ ಒಂದು ಉಪಾಯ ಹುಡುಕಿದ್ದಳು. ಹೆಬ್ಬೆರಳನ್ನು ಒಳಗಿಟ್ಟು ನಾಲ್ಕು ಬೆರಳು ಮುಚ್ಚಿ ಮುಷ್ಟಿ ಮಾಡುವುದು. 'ಹೆಬ್ಬೆರಳಪ್ಪ ಮನೇಲಿ ಮಲಗಿದಾನೆ, ಬಾಗಿಲು ತೆಗೀಬಾರ್ದು.' ಜನವರಿ ಒಂದರಿಂದ ರೈಲ್ವೆಯವರು ಕೊಟ್ಟ ಹೊಸ ಕ್ಯಾಲೆಂಡರಿನಲ್ಲಿ, ಚೀಪದೆ ಕಳೆದ ಪ್ರತಿ ದಿನಕ್ಕೂ ಒಂದೊಂದು ಚಿನ್ನದ ಬಣ್ಣದ ಕಾಗದದ ನಕ್ಷತ್ರ. ಮತ್ತೆ ಒಂದು ಪರೀಕ್ಷೆಯೂ ಇತ್ತು. ಅದನ್ನು ನಾನು ಬೇಲಿಯ ಈಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಬಟ್ಟೆ ಹರವುತ್ತಿದ್ದ ಐಡಾ ಇದ್ದಕ್ಕಿದ್ದ ಹಾಗೆ ತನ್ನ ಹೆಬ್ಬೆರಳನ್ನೇ ಬಾಯಿಗಿಟ್ಟುಕೊಂಡು ಚಪ್ಪರಿಸುವಳು.

"ಆಹಾ, ಏನು ರುಚಿ! ಅಮ್ಮ ಚೀಪ್ತಿದಾಳೆ. ನಿಂಗೂ ಬೇಕಾ?"

ಏವಿಸ್ ತಲೆಯಾಡಿಸಿ, ಮುಷ್ಟಿ ಎತ್ತಿ ತೋರಿಸುವಳು. "ಬೇಡ! ನಮ್ಮ ಹೆಬ್ಬೆರಳಪ್ಪ ಮಲಗಿದಾನೆ!"

"ಅಬ್ಬಾ, ಮೋಸ ಹೋಗ್ಲಿಲ್ಲ ನನ್ನ ಜಾಣೆ. ಅಂಟಿಸು ನಕ್ಷತ್ರ!"

ಇಬ್ಬರೂ ನಗುತ್ತಿದ್ದರು. ಗಡಿಯಾರದ ಹಂಗಿಲ್ಲದೆ ಐಡಾ ಮಗಳ ಜೊತೆ ಆಡಿದ ಆಟ ಅದೊಂದೇ. ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು.

ಭೂಮಿಯ ದಕ್ಷಿಣ ತುದಿಯ ನಮ್ಮ ದೇಶದಲ್ಲಿ ಕ್ರಿಸ್‌ಮಸ್, ಜನವರಿ ಎಂದರೆ ಬೇಸಿಗೆ. ಆ ಬೇಸಿಗೆ ಪೋಲಿಯೊ ದೇಶವನ್ನೆಲ್ಲ ಹಿಡಿದಿತ್ತು. ಶಾಲೆ ಮುಚ್ಚಿದ್ದರು. ಮಕ್ಕಳನ್ನು ಸಿನಿಮಾಕ್ಕೆ, ಈಜಲು, ರೈಲು ಹತ್ತಲು ಬಿಡುತ್ತಿರಲಿಲ್ಲ. ಎಲ್ಲರೂ ಅವರವರ ಬೇಲಿಯೊಳಗೆ ಮಕ್ಕಳನ್ನು ಕೂಡಿಹಾಕಿಕೊಂಡಿದ್ದೆವು. ಐಡಾಳ ಮನೆಯಷ್ಟು ಶುದ್ಧವಾದ ಮನೆ ಬ್ರೂಮ್‌ಹಿಲ್‌ನಲ್ಲಿ ಇರಲಿಲ್ಲ. ಜನವರಿ ಹದಿನೈದು, ಗುರುವಾರ. ಬೆಳಿಗ್ಗೆ ಏವಿಸ್ ಕತ್ತು ಬಗ್ಗಿಸಲಾರೆ ಎಂದಳು. ಮಧ್ಯಾಹ್ನ ಕಾಲು ನೆಲಕ್ಕೂರಲಿಲ್ಲ. ಸಂಜೆಗೆ ಪಟ್ಟಣದಿಂದ ಆಂಬುಲೆನ್ಸ್ ಬಂದು ಅವಳೊಬ್ಬಳನ್ನೇ ಕರೆದುಕೊಂಡು ಹೋಯಿತು. ಅವಳ ಗೊಂಬೆ, ಹಾಸಿಗೆ ಎಲ್ಲ ಸುಡಬೇಕೆಂದರು. ಕ್ಲೆಮ್ ಸುಟ್ಟ.

ಪೋಲಿಯೊ ಮಕ್ಕಳ ವಾರ್ಡಿಗೆ ಎಲ್ಲ ಕಡೆಯೂ ಒಂದೇ ನಿಯಮ, ತಂದೆತಾಯಿ ಒಳಗೆ ಹೋಗುವಂತಿಲ್ಲ. ಭಾನುವಾರ ಮತ್ತು ಬುಧವಾರ ಎರಡರಿಂದ ಎರಡೂವರೆ, ಹೊರಗೆ ಹುಲ್ಲಿನ ಮೇಲೆ ನಿಂತು ಕಿಟಕಿಯ ಗಾಜಿನಲ್ಲಿ ನೋಡಬೇಕು. ಭಾನುವಾರ ಐಡಾ, ಕ್ಲೆಮ್ ಇಬ್ಬರೂ ಹೋಗಿ ಬಂದರು. ಸಂಜೆ ಐಡಾ ಬೇಲಿಯ ಹತ್ತಿರ ಬಂದಳು. ಟೀ ಪಾರ್ಟಿಯ ನಂತರ ನನ್ನೊಡನೆ ಆಡಿದ ಮೊದಲ ಮಾತು ಅದು.

"ಏವಿಸ್ ನರ್ಸ್ ಹತ್ರ ಹೇಳಿ ಕಳಿಸಿದ್ಲು, ನಕ್ಷತ್ರ ಅಂಟಿಸ್ತಿದೀಯಾ ಅಂತ ಅಮ್ಮನ್ನ ಕೇಳಿ ಅಂತ. ಅಷ್ಟು ನೋವಲ್ಲೂ ಒಂದ್ಸಲಾನೂ ಬಾಯಿಗೆ ಇಟ್ಕೊಂಡಿಲ್ವಂತೆ ಡಾಟ್. ಅಂಟಿಸ್ತಿದೀನಿ, ಜಾಣೆ ನೀನು ಅಂತ ಹೇಳಿ ಕಳಿಸ್ದೆ."

ಅವಳ ದನಿಯಲ್ಲಿ ಹೆಮ್ಮೆ ಇತ್ತು. ಹೇಳಿಕೊಳ್ಳಲು ಅದೊಂದಾದರೂ ಇದೆಯಲ್ಲ ಎಂಬ ಹೆಮ್ಮೆ.

ಬುಧವಾರ ಕ್ಲೆಮ್‌ಗೆ ಬರಲಾಗಲಿಲ್ಲ. ಬೂಟು ಹಾಕಿಕೊಂಡು ಬಾಗಿಲವರೆಗೆ ಬಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಐಡಾಳ ಜೊತೆ ಹೋದೆ. ಅವಳು ಟೋಪಿ ಹಾಕಿಕೊಂಡು, ಕೈಗೆ ಬಿಳಿ ಗವಸು ತೊಟ್ಟು, ಚರ್ಚಿಗೆ ಹೊರಟವಳ ಹಾಗೆ ಹೊರಟಳು. 

ಮೂರನೇ ಕಿಟಕಿ. ಏವಿಸ್ ಅಂಗಾತ ಮಲಗಿದ್ದಳು. ಕಾಲಿಗೆ ಬಿಸಿನೀರಲ್ಲಿ ಅದ್ದಿದ ಉಣ್ಣೆ ಬಟ್ಟೆ ಸುತ್ತಿದ್ದರು. ಆರು ದಿನಕ್ಕೆ ಮುಖ ಅರ್ಧವಾಗಿತ್ತು, ಕಣ್ಣು ಮಾತ್ರ ದೊಡ್ಡದಾಗಿ ತೆರೆದಿತ್ತು. ಉಸಿರಿಗೊಮ್ಮೆ ಎದೆ ಎಳೆಯುತ್ತಿತ್ತು. ಬಲಗೈ ಹೊದಿಕೆಯ ಮೇಲಿತ್ತು, ಮುಷ್ಟಿ ಬಿಗಿದುಕೊಂಡು.

ಒಬ್ಬ ಎಳೆ ವಯಸ್ಸಿನ ನರ್ಸ್ ಪಕ್ಕದ ಬಾಗಿಲಿಗೆ ಬಂದು ದೂರದಿಂದಲೇ ಮಾತಾಡಿದಳು.

"ನಿದ್ದೇನೇ ಮಾಡ್ತಿಲ್ಲ ಮಿಸೆಸ್ ಸ್ಟ್ರೌಡ್. ಎರಡು ದಿನ ಆಯ್ತು. ನಿದ್ದೆ ಬಂದ್ರೆ ಉಸಿರಿಗೆ ಸ್ವಲ್ಪ ಸಲೀಸಾಗ್ತಿತ್ತು, ಡಾಕ್ಟರೂ ಅದೇ ಅಂತಾರೆ. ಮನೇಲಿ ಹೇಗೆ ಮಲಗ್ತಿದ್ಲು? ಏನಾದ್ರೂ ಅಭ್ಯಾಸ ಇತ್ತಾ?"

ಐಡಾ ಒಂದು ಗಳಿಗೆ ನರ್ಸಿನ ಮುಖ ನೋಡಿದಳು. "ಹೆಬ್ಬೆರಳು," ಎಂದಳು. "ಹೆಬ್ಬೆರಳು ಚೀಪ್ತಿದ್ಲು. ನಾನು ಬಿಡಿಸ್ದೆ."

"ಓ. ಅದಕ್ಕೇನಾ ಆ ಮುಷ್ಟಿ?"

"ಚೀಪು ಅಂತ ಹೇಳಿ. ಅಮ್ಮ ಹೇಳಿದ್ಲು, ಚೀಪ್ಬೋದು ಅಂತ ಹೇಳಿ. ಬೇಗ ಹೋಗಿ."

ನರ್ಸ್ ಒಳಗೆ ಹೋಗಿ ಮಂಚದ ಮೇಲೆ ಬಗ್ಗಿ ಏನೋ ಹೇಳುವುದು ಗಾಜಿನಲ್ಲಿ ಕಂಡಿತು. ಏವಿಸ್ ತುಟಿ ಆಡಿಸಿದಳು. ನರ್ಸ್ ಹೊರಗೆ ಬಂದಳು.

"ನಂಬ್ತಿಲ್ಲ. ನಮ್ಮಮ್ಮ ಹಾಗೆ ಹೇಳೋಳೇ ಅಲ್ಲ ಅಂತಾಳೆ."

ಆಗ ಐಡಾ ಕಿಟಕಿಯ ಹತ್ತಿರ ಹೋಗಿ ಗಾಜಿಗೆ ಮುಖ ತಾಗಿಸಿದಳು. 'ಏವಿಸ್, ಚೀಪು ಕಂದ, ಚೀಪು' ಎಂದು ಕೂಗಿದಳು. ದಪ್ಪ ಗಾಜು, ಒಳಗೆ ಏನೂ ಕೇಳುತ್ತಿರಲಿಲ್ಲ. ಬಲಗೈ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಹುಲ್ಲಿನ ಮೇಲೆ ಬಿಸಾಡಿದಳು. ಹೆಬ್ಬೆರಳನ್ನು ಎತ್ತಿ ಮಗಳಿಗೆ ತೋರಿಸಿ, ತನ್ನ ಬಾಯಿಗೆ ಇಟ್ಟುಕೊಂಡಳು. ಪಕ್ಕದ ಕಿಟಕಿಗಳ ಹತ್ತಿರ ನಿಂತಿದ್ದ ತಂದೆತಾಯಂದಿರೆಲ್ಲ ನೋಡುತ್ತಿದ್ದರು. ಮೂವತ್ತೊಂಬತ್ತು ವರ್ಷದ ಹೆಂಗಸು, ಟೋಪಿ ಓರೆಯಾಗಿ, ಕಣ್ಣೀರು ಸುರಿಸುತ್ತಾ ಹೆಬ್ಬೆರಳು ಚೀಪುತ್ತಾ ನಿಂತಿದ್ದಳು. ಇನ್ನೊಂದು ಕೈಯಿಂದ ಮಗಳ ಕಡೆ ತೋರಿಸಿ, ನೀನೂ, ನೀನೂ ಎಂದು ಸನ್ನೆ ಮಾಡುತ್ತಿದ್ದಳು.

ಏವಿಸ್ ನೋಡಿದಳು. ಅವಳ ಮುಖ ಅರಳಿತು. ಮುಂದೆ ಏನಾಗುತ್ತದೆಂದು ನನಗೆ ಆಗಲೇ ಗೊತ್ತಾಯಿತು. ಮಗು ದಿಂಬಿನ ಮೇಲೆ ತಲೆಯನ್ನು ಆ ಕಡೆ ಈ ಕಡೆ ಸ್ವಲ್ಪವೇ ಹೊರಳಿಸಿತು. ಬೇಡ. ಮುಷ್ಟಿಯನ್ನು ಹೊದಿಕೆಯಿಂದ ನಾಲ್ಕು ಬೆರಳಷ್ಟು ಎತ್ತಿ ತೋರಿಸಿತು. ಮೋಸ ಹೋಗಲಿಲ್ಲ ಅವಳು. ನಕ್ಕಳು.

ಐಡಾ ಬಾಯಿಂದ ಬೆರಳು ತೆಗೆದು ಮತ್ತೆ ಇಟ್ಟುಕೊಂಡಳು. ಕೈ ಮುಗಿದಳು. ಗಾಜು ಬಡಿದಳು. ಅವಳು ಎಷ್ಟು ಮಾಡಿದರೆ ಮಗು ಅಷ್ಟು ನಗುತ್ತಿತ್ತು, ಅಷ್ಟು ಗಟ್ಟಿಯಾಗಿ ಮುಷ್ಟಿ ಹಿಡಿಯುತ್ತಿತ್ತು. ಎರಡೂವರೆಗೆ ಗಂಟೆ ಬಾರಿಸಿದರು. ನರ್ಸ್ ಕಣ್ಣೊರೆಸಿಕೊಳ್ಳುತ್ತಾ ಬಂದಳು.

"ನಾನು ಮನೆಗೆ ಬರೋವರೆಗೂ ದಿನಾ ಅಂಟಿಸ್ಬೇಕಂತೆ ನಕ್ಷತ್ರ. ಒಂದು ದಿನಾನೂ ಮರೀಬಾರ್ದಂತೆ."

"ಮರೆಯಲ್ಲ ಅಂತ ಹೇಳಿ," ಎಂದಳು ಐಡಾ.

ನಾನು ಗವಸು ಎತ್ತಿಕೊಂಡು ಬಂದು ಅವಳ ಕೈಗೆ ಹಾಕಿದೆ. ಅವತ್ತಿನವರೆಗೂ ಅವಳು ನನಗೆ ಮಿಸೆಸ್ ಸ್ಟ್ರೌಡ್. ಅವತ್ತಿನಿಂದ ಐಡಾ. ಶುಕ್ರವಾರ ಬೆಳಿಗ್ಗೆ ಏವಿಸ್‌ಳ ಉಸಿರು ನಿಂತಿತು.

ಮಣ್ಣು ಮಾಡಿದ ಮರುವಾರ ಐಡಾ ಮನೆಮನೆಗೆ ಹೋಗಿ, ಹಿಂದೆ ತಾನು ಹೊಲಿದುಕೊಟ್ಟ ತೋಳುಪಟ್ಟಿಗಳನ್ನೆಲ್ಲ ವಾಪಸು ಕೇಳಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲವನ್ನೂ ಬಟ್ಟೆ ಬೇಯಿಸುವ ಹಂಡೆಯ ಒಲೆಗೆ ಹಾಕಿದಳು. ಪ್ರತಿ ಶನಿವಾರ ಅಡುಗೆಮನೆ ಗಡಿಯಾರಕ್ಕೆ ಕೀ ಕೊಡುತ್ತಿದ್ದ ಕ್ಲೆಮ್ ಕೀ ಕೊಡುವುದು ಬಿಟ್ಟ. ಅವಳೂ ಕೊಡು ಎನ್ನಲಿಲ್ಲ. ಅವನು ಅರವತ್ತಮೂರನೇ ಇಸವಿಯಲ್ಲಿ ಸತ್ತ. ಅವಳ ಮೇಲೆ ಒಂದು ದಿನವೂ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಅದಾದಮೇಲೆ ಕಾಲೊನಿಯಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ವಾರದಲ್ಲಿ ಐಡಾ ಬರುತ್ತಿದ್ದಳು. ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಸುತ್ತಿದ ಒಂದು ಹೊಸ ನಿಪ್ಪಲ್ಲು, ಅವಳೇ ಕುದಿಸಿ ಆರಿಸಿದ್ದು, ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. 'ದಿನಾ ಕುದಿಸಿ ಕೊಡಿ' ಎನ್ನುತ್ತಿದ್ದಳು, ಅಷ್ಟೇ. ಹಳಬರು ಅವಳಿಗೆ ತಲೆ ಕೆಟ್ಟಿದೆ ಎಂದರು. ಹೊಸಬರಿಗೆ ಅವಳೊಬ್ಬ ವಿಚಿತ್ರ ಆದರೆ ಒಳ್ಳೆಯ ಅಜ್ಜಿ. ಒಮ್ಮೆ ಚರ್ಚಿನಲ್ಲಿ ಒಬ್ಬಳು ಅಜ್ಜಿ ಮೊಮ್ಮಗಳ ಬಾಯಲ್ಲಿದ್ದ ಬೆರಳಿಗೆ ಪಟ್ಟನೆ ಹೊಡೆದಳು. ಪ್ರಾರ್ಥನೆಯ ನಡುವೆ ಐಡಾ ಎದ್ದು ನಿಂತಳು.

"ಬಿಡಿ. ಅವಳ ಬೆರಳು ಅವಳ್ದು."

"ಹಲ್ಲು ಉಬ್ಬುತ್ತೆ ಮಿಸೆಸ್ ಸ್ಟ್ರೌಡ್!"

"ಉಬ್ಬಲಿ. ಉಬ್ಬಲ್ಲು ಬಿಟ್ಕೊಂಡು ನೂರು ವರ್ಷ ಬದುಕ್ಲಿ."

ನಾನು ನನ್ನ ಮಾತನ್ನು ನಲವತ್ತು ವರ್ಷ ನುಂಗಿಕೊಂಡೇ ಇದ್ದೆ. ಎಂಬತ್ತೊಂಬತ್ತನೇ ಇಸವಿಯಲ್ಲಿ, ಲೆನ್ ತೀರಿಕೊಂಡ ಮೇಲೆ, ಒಂದು ಮಧ್ಯಾಹ್ನ ಅವಳ ಹಿತ್ತಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಬಟಾಣಿ ಬಿಡಿಸುತ್ತಿದ್ದೆವು.

"ಐಡಾ, ಅವತ್ತು ಚರ್ಚ್ ಹಾಲಲ್ಲಿ ನಾನು ಹಾಗೆ ಅನ್ನದೇ ಇದ್ದಿದ್ರೆ..."

ಅವಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?"

"ಧೈರ್ಯ ಇರ್ಲಿಲ್ಲ."

"ನೀನು ಅಂದಿದ್ದು ಒಂದು ಮಾತು ಕಣೆ. ಕತ್ತರಿ ತಗೊಂಡು ರಟ್ಟು ಕತ್ತರಿಸಿದ್ದು ನಾನು." ಇನ್ನೊಂದು ಸಿಪ್ಪೆ ಬಿಡಿಸಿ ಕಾಳನ್ನು ಬಟ್ಟಲಿಗೆ ಹಾಕಿದಳು. ಆಮೇಲೆ ತಾನಾಗಿ ಹೇಳಿದಳು. "ಕೊನೇಗೆ ನನ್ನ ಒಳಗೆ ಬಿಟ್ರು, ಗೊತ್ತಾ? ಶುಕ್ರವಾರ. ಎಲ್ಲ ಮುಗಿದ ಮೇಲೆ. ಬಿಳಿ ಗೌನು ಹಾಕಿಸಿ, ಬಾಯಿಗೆ ಬಟ್ಟೆ ಕಟ್ಟಿ. ಮುಷ್ಟಿ ಹಾಗೇ ಇತ್ತು. ಒಂದೊಂದೇ ಬೆರಳು ಬಿಡಿಸ್ದೆ. ಉಗುರಿನ ಹತ್ರ ಗಂಟಿತ್ತಲ್ಲ, ಚೀಪಿ ಚೀಪಿ ಆಗಿದ್ದು, ಅದು ಹೋಗ್ಬಿಟ್ಟಿತ್ತು ಡಾಟ್. ಎಷ್ಟು ನುಣ್ಣಗಿತ್ತು ಹೆಬ್ಬೆರಳು. ತಗೊಂಡು ಅವಳ ಬಾಯಿಗೆ ಇಟ್ಟೆ. ತುಟಿ ಹಿಡೀಲಿಲ್ಲ."

ನಾನು ಅಳುತ್ತಿದ್ದೆ. ಅವಳು ನನ್ನ ಮಡಿಲಲ್ಲಿದ್ದ ಬಟಾಣಿಯನ್ನೂ ಎಳೆದುಕೊಂಡು ಬಿಡಿಸಿ ಮುಗಿಸಿದಳು.

ಐಡಾಳಿಗೆ ಹತ್ತಿರದವರೆಂದು ಯಾರೂ ಉಳಿದಿರಲಿಲ್ಲ. ಮಣ್ಣು ಮಾಡುವ ಎರಡು ದಿನ ಮೊದಲು, ಮಂಗಳವಾರ, ಶವಪೆಟ್ಟಿಗೆಯವರು ಬಟ್ಟೆ ತಂದುಕೊಡಿ ಎಂದಾಗ ನಾನೇ ಅವಳ ಬೀರು ತೆರೆದೆ. ನೀಲಿ ಉಡುಪು ತೆಗೆದೆ. ಕೆಳಗಿನ ಅರೆಯಲ್ಲಿ ಬಿಳಿ ಗವಸುಗಳ ಅಡಿಯಲ್ಲಿ ಒಂದು ಕ್ಯಾಲೆಂಡರು ಇತ್ತು. ರೈಲ್ವೆಯದು, ಸಾವಿರದ ಒಂಬೈನೂರ ನಲವತ್ತೆಂಟರದು. ಜನವರಿ ಒಂದರಿಂದ ನಕ್ಷತ್ರ ಶುರು. ಇಪ್ಪತ್ತಮೂರು, ಏವಿಸ್ ಹೋದ ಶುಕ್ರವಾರ, ಅಲ್ಲೂ ಇತ್ತು. ಇಪ್ಪತ್ತನಾಲ್ಕಕ್ಕೂ ಇತ್ತು. ಮಣ್ಣು ಮಾಡಿದ ದಿನಕ್ಕೂ ಇತ್ತು. ಹಾಳೆ ತಿರುವಿದೆ. ಫೆಬ್ರವರಿ, ಮಾರ್ಚ್, ಏಪ್ರಿಲ್. ಒಂದು ದಿನವೂ ಖಾಲಿ ಇರಲಿಲ್ಲ. ಮನೆಗೆ ಬರುವವರೆಗೂ ಎಂದಿದ್ದಳಲ್ಲ ಮಗು. ಡಿಸೆಂಬರ್ ಮೂವತ್ತೊಂದರವರೆಗೆ, ಹಾಳೆಗಳು ಮುಗಿಯುವವರೆಗೆ, ಐಡಾ ದಿನಕ್ಕೊಂದು ಅಂಟಿಸಿದ್ದಳು. ಅಷ್ಟು ದಿನವೂ ನಾನು ಬೇಲಿಯ ಈಚೆಗೇ ಇದ್ದೆ, ಗೊತ್ತಾಗಲಿಲ್ಲ.

ಅದನ್ನು ಸುರುಳಿ ಸುತ್ತಿ ಉಡುಪಿನ ಜೊತೆ ತೆಗೆದುಕೊಂಡು ಹೋದೆ. ಪೆಟ್ಟಿಗೆಯ ಹತ್ತಿರ ನಿಂತಿದ್ದವನು ಸಣ್ಣ ವಯಸ್ಸಿನವನು, ಮರ್ಯಾದಸ್ಥ.

"ಇದನ್ನ ಕೈ ಕೆಳಗೆ ಇಡಪ್ಪ," ಎಂದೆ.

"ಆಗ್ಲಿ ಅಮ್ಮ. ಕೈ ಹೇಗೆ ಜೋಡಿಸ್ಲಿ? ಬೆರಳು ಮಡಚಿದಾವೆ, ಹಾಗೇ ಇರ್ಲಾ?"

"ಬೇಡ," ಎಂದೆ. "ಬಿಡಿಸಿಡು. ಹೆಬ್ಬೆರಳು ಹೊರಗಿರ್ಲಿ."